ಹರಿಹರಕ್ಕೆ ಒಂದು ಸಲ ನಡೆದುಕೊಂಡೇ ಹೋಗಿ

ದಾವಣಗೆರೆಯಿಂದ ಹರಿಹರ ಬರೀ 14 ಕಿಲೋಮೀಟರ್. ಬಸ್ಸಲ್ಲಿ ಸೀಟು ಸಿಕ್ಕಿ, ಟಿಕೆಟ್ ತಗೊಂಡು ಚಿಲ್ಲರೆ ಎಣಿಸುವಷ್ಟರಲ್ಲಿ ಊರು ಬಂದುಬಿಡುತ್ತದೆ. ಅದಕ್ಕೇ ಇರಬೇಕು, ನಮ್ಮ ಕಡೆಯ ಎಷ್ಟೋ ಜನ ಹರಿಹರವನ್ನು ನೋಡಿಲ್ಲ, ದಾಟಿದ್ದಾರೆ ಅಷ್ಟೇ. ನಾನೂ ಹಾಗೇ ದಾಟುತ್ತಿದ್ದವನು. ಉಕ್ಕಡಗಾತ್ರಿ ಅಜ್ಜಯ್ಯನ ಗುಡಿಗೆ ಪಾದಯಾತ್ರೆ ಹೊರಟ ಗೆಳೆಯರು ಹರಿಹರದ ಮೇಲೆ ಹೋಗೋಣ ಅಂದಾಗ ಮೊದಲ ಸಲ ಅಲ್ಲಿ ಅರ್ಧ ದಿನ ಕಳೆದೆ. ಆಮೇಲೆ ನಾಲ್ಕು ಸಲ ಹೋಗಿ ಬಂದಿದ್ದೇನೆ, ಒಂದು ಸಲ ಸರಿಯಾಗಿ ಬುದ್ಧಿ ಕಲಿತು.

ಬುದ್ಧಿ ಕಲಿತಿದ್ದು ಏಪ್ರಿಲ್‌ನಲ್ಲಿ. ಬೆಳಗ್ಗೆ ಎಂಟಕ್ಕೆ ಹೊರಟು, ದಾರೀಲಿ ಎರಡು ಸಲ ಟೀ ಕುಡಿದು, ಹರಟೆ ಹೊಡೆದು ಮುಟ್ಟಿದಾಗ ಒಂದು ಗಂಟೆ. ಗರ್ಭಗುಡಿ ಬಾಗಿಲು ಹಾಕಿತ್ತು. ಚಪ್ಪಲಿ ಹೊರಗೆ ಬಿಟ್ಟಿದ್ದೆ, ಅಂಗಳದ ಕಲ್ಲು ಕಾದ ಹೆಂಚು. ನೆರಳಿಂದ ನೆರಳಿಗೆ ಕುಣಿದುಕೊಂಡು ಹೋಗಿದ್ದನ್ನು ನೋಡಿ ಅಲ್ಲಿ ಕೂತಿದ್ದ ಅಜ್ಜಿಯೊಬ್ಬರು, "ಏನಪ್ಪಾ, ಹರಕೆನಾ?" ಅಂದರು. ಹಾಗಾಗಿ ಮೊದಲ ಮಾತು: ಬೆಳಗ್ಗೆ ಐದಕ್ಕೇ ಬಿಡಿ. ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಬ್ಯಾಗಲ್ಲಿ ಒಂದು ಜೊತೆ ದಪ್ಪ ಸಾಕ್ಸ್ ಇರಲಿ, ಗುಡಿ ಅಂಗಳಕ್ಕೆ ಅಂತಲೇ.

ಹಳೇ ಪಿ.ಬಿ. (ಪೂನಾ-ಬೆಂಗಳೂರು) ರೋಡ್ ಹಿಡಿಯಿರಿ, ಹೈವೇ ಸಹವಾಸ ಬೇಡ. ಎದುರಿಂದ ಬರುವ ಗಾಡಿ ಕಾಣುವ ಹಾಗೆ ರಸ್ತೆಯ ಬಲಗಡೆ ನಡೆಯಿರಿ. ಕತ್ತಲಿರುವಾಗ ಬಿಳಿ ಅಂಗಿ ಒಳ್ಳೇದು. ಹೊಸ ಶೂ ಹಾಕಿಕೊಂಡು ಶೋಕಿ ಮಾಡಬೇಡಿ, ದಾರೀಲಿ ಸಿಗುವ ಬಾತಿ ಊರು ಮುಟ್ಟುವಷ್ಟರಲ್ಲಿ ಹಿಮ್ಮಡಿಗೆ ಬೊಬ್ಬೆ ಬಂದಿರುತ್ತದೆ. ತಿನ್ನೋಕೆ ನರ್ಗೀಸ್ ಮಂಡಕ್ಕಿ ಕಟ್ಟಿಸಿಕೊಳ್ಳಿ. ಒಣ ತಿಂಡಿ, ಕೆಡಲ್ಲ, ಭಾರವೂ ಇಲ್ಲ. ಬೆಣ್ಣೆ ದೋಸೆ ತಿಂದು ಹೊರಟರೆ ಎರಡು ಕಿಲೋಮೀಟರ್‌ಗೇ ನಿದ್ದೆ ಬರುತ್ತದೆ. ಭದ್ರಾ ನಾಲೆಗೆ ನೀರು ಬಿಟ್ಟ ಕಾಲವಾದರೆ ಗದ್ದೆ ಹಸಿರು ಕಣ್ಣು ತುಂಬುತ್ತದೆ. ಉಳಿದಂತೆ ದಾರಿ ಸಪ್ಪೆ, ಸುಳ್ಳು ಯಾಕೆ ಹೇಳಲಿ.

ಊರು ಮುಟ್ಟಿದ ಕೂಡಲೇ ಹರಿಹರೇಶ್ವರ ಗುಡಿಗೆ ಹೋಗಿ, ಹೊಳೆ ಆಮೇಲೆ. ಹೊಯ್ಸಳ ದೊರೆ ಎರಡನೇ ವೀರ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಗುಡಿ ಇದು. 1268ರಲ್ಲಿ ಇದಕ್ಕೆ ಇನ್ನಷ್ಟು ಸೇರಿಸಿದವನು ಸೋಮ ದಂಡನಾಯಕ, ಸೋಮನಾಥಪುರ ಕಟ್ಟಿಸಿದವನೇ. ಒಳಗೆ ಒಂದೇ ಮೂರ್ತಿ: ಬಲಭಾಗ ಶಿವ, ಎಡಭಾಗ ವಿಷ್ಣು. ಹರನೊಬ್ಬನಿಂದಾಗಲಿ ಹರಿಯೊಬ್ಬನಿಂದಾಗಲಿ ಸಾಯದ ವರ ಪಡೆದಿದ್ದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದೇ ಮೈಯಾಗಿ ಬಂದರು ಅನ್ನುವುದು ಇಲ್ಲಿನ ಕಥೆ. ಹೂವಿನ ಅಲಂಕಾರ ಆದಮೇಲೆ ಹೋದರೆ ಅರ್ಧ ಯಾವುದು, ಇನ್ನರ್ಧ ಯಾವುದು ಅಂತ ಗೊತ್ತೇ ಆಗಲ್ಲ. ಅಭಿಷೇಕದ ಹೊತ್ತಿಗೆ ಇದ್ದರೆ ಜಟೆ ಎಲ್ಲಿ ಮುಗಿದು ಕಿರೀಟ ಎಲ್ಲಿ ಶುರುವಾಗುತ್ತದೆ ಅಂತ ನೋಡಬಹುದು. ಬೇಗ ಹೊರಡಿ ಅಂದಿದ್ದು ಅದಕ್ಕೂ ಸೇರಿಸಿ.

ದರ್ಶನ ಮುಗಿಸಿ ಓಡಬೇಡಿ. ಮಂಟಪದ ಕಂಬದ ಪಕ್ಕ ಕೂತುಕೊಳ್ಳಿ. ಕಂಬದ ಸುತ್ತ ಬಳೆ ಬಳೆಯಾಗಿ ಗೆರೆಗಳು, ಒಂದಕ್ಕಿಂತ ಒಂದು ಸಣ್ಣ, ಎಲ್ಲೂ ಕೂದಲೆಳೆಯಷ್ಟೂ ಸೊಟ್ಟ ಇಲ್ಲ. ಕಲ್ಲನ್ನು ತಿರುಗಿಸುತ್ತಾ ಕಡೆದ ಕಂಬ ಅದು, ಲೇತ್ ಕೆಲಸದ ಹಾಗೇ. ತಮಾಷೆ ನೋಡಿ, ಇದೇ ಊರಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು, ಅಲ್ಲಿ ತಯಾರಾಗುತ್ತಿದ್ದುದು ಲೇತ್ ಯಂತ್ರಗಳೇ! ನನ್ನ ಜೊತೆ ಬಂದಿದ್ದವರೊಬ್ಬರು ಲೇತ್ ನಡೆಸುವ ಟರ್ನರ್ ಕೆಲಸ ಮಾಡಿ ರಿಟೈರ್ ಆದವರು. ಕಂಬದ ಗೆರೆಯೊಳಗೆ ಉಗುರು ಇಟ್ಟು ಸುತ್ತಲೂ ಎಳೆದುಕೊಂಡು ಬಂದು, "ಫಿನಿಶಿಂಗ್ ನೋಡ್ರೀ" ಅಂದರು. ಆಮೇಲೆ ಹತ್ತು ನಿಮಿಷ ಮಾತೇ ಇಲ್ಲ.

ಇಲ್ಲಿ ಶಾಸನಗಳೂ ಬಹಳ ಇವೆ. ಅಕ್ಷರ ಕಾಣದಿದ್ದರೆ ಮೊಬೈಲ್ ಟಾರ್ಚನ್ನು ಎದುರಿಗೆ ಹಿಡಿಯಬೇಡಿ, ಪಕ್ಕದಿಂದ ಕಲ್ಲಿಗೆ ಒರಗಿಸಿದ ಹಾಗೆ ಹಿಡಿಯಿರಿ. ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಸೀಮೆಸುಣ್ಣ, ಅರಿಶಿನ ಬಳಿಯುವವರನ್ನು ಕಂಡರೆ ತಡೆಯಿರಿ.

ಇನ್ನು ಹೊಳೆ. ಸೂಳೆಕೆರೆ ಕಡೆಯಿಂದ ಬರುವ ಹರಿದ್ರಾ ಇಲ್ಲಿ ತುಂಗಭದ್ರೆಗೆ ಸೇರುತ್ತದೆ, ಊರಿಗೆ ಕೂಡಲೂರು ಅನ್ನುವ ಹಳೇ ಹೆಸರು ಬಂದಿದ್ದು ಅದರಿಂದಲೇ. ಬೇಸಿಗೆಯಲ್ಲಿ ಬಂಡೆ, ಮರಳು ಕಾಣುತ್ತವೆ ಅಂತ ನಡುಹೊಳೆಗೆ ಇಳಿಯಬೇಡಿ. ಮರಳು ತೆಗೆದ ಗುಂಡಿ ಎಲ್ಲಿದೆ ಅಂತ ನೀರು ಹೇಳಲ್ಲ. ದಡದಲ್ಲೇ ಕಾಲು ಇಳಿಬಿಟ್ಟು ಕೂತರೆ ಸಾಕು, 14 ಕಿಲೋಮೀಟರ್ ನಡೆದ ಕಾಲಿಗೆ ಅದೇ ಸ್ವರ್ಗ. ದಾವಣಗೆರೆಯ ನಲ್ಲಿಗೆ ಬರುವುದೂ ಇದೇ ನದಿಯ ನೀರು, ಆದರೆ ನಮ್ಮ ಮನೆ ನಲ್ಲಿ ಮುಂದೆ ಹೀಗೆ ಅನಿಸಿದ್ದಿಲ್ಲ.

ಬಿಸಿಲು ಇಳಿದ ಮೇಲೆ ಹಳೇ ಕಮಾನು ಸೇತುವೆ ಕಡೆ ಹೋಗಿ. 1868ರಲ್ಲಿ ಕಟ್ಟಿ ಮುಗಿಸಿದ್ದು. 1956ರಲ್ಲಿ ರಾಜ್ಯ ಒಂದಾಗುವವರೆಗೆ ಈ ದಡ ಮೈಸೂರಿಗೆ, ಆ ದಡ ಮುಂಬಯಿಗೆ ಸೇರಿತ್ತು. ಈಗ ಆಚೆ ಕುಮಾರಪಟ್ಟಣಂ, ಹಾವೇರಿ ಜಿಲ್ಲೆ. ಹೊಳೆ ದಾಟಿದರೆ ಮಾತಿನ ಧಾಟಿಯೇ ಬೇರೆ, ಒಂದು ಟೀ ಕುಡಿಯುವ ನೆಪದಲ್ಲಾದರೂ ಹೋಗಿ ಕೇಳಿ ಬನ್ನಿ.

ಅಲ್ಲಿಗೆ ಸಾಕು ಅನಿಸಿದರೆ ವಾಪಸ್ ಬರಲು ಬಸ್ಸಿದೆ, ರೈಲೂ ಇದೆ. ಉಕ್ಕಡಗಾತ್ರಿವರೆಗೂ ನಡೆಯುವವರು ರಾತ್ರಿ ಹರಿಹರದಲ್ಲೇ ಉಳಿದು ಮರುದಿನ ನದಿ ಹರಿದು ಬರುವ ದಿಕ್ಕಿಗೆ, ಅಂದರೆ ದಕ್ಷಿಣಕ್ಕೆ ಹೊರಡಬೇಕು. ಇಡೀ ದಿನದ ನಡಿಗೆ ಅದು. ದಾರಿಯಲ್ಲಿ ರಾಜನಹಳ್ಳಿಯ ವಾಲ್ಮೀಕಿ ಗುರುಪೀಠದಲ್ಲಿ ಸ್ವಲ್ಪ ಕೂತು ಹೋಗಬಹುದು. ಅಮಾವಾಸ್ಯೆಗೆ ಅಜ್ಜಯ್ಯನ ಹತ್ತಿರ ಜನ ಜಾಸ್ತಿ. ಗದ್ದಲ ಬೇಡ ಅನ್ನುವವರು ಬೇರೆ ದಿನ ನೋಡಿಕೊಳ್ಳಿ. ಜುಲೈ, ಆಗಸ್ಟ್‌ನಲ್ಲಂತೂ ಹೊರಡುವ ಮುಂಚೆ ಆ ಕಡೆಯವರಿಗೆ ಯಾರಿಗಾದರೂ ಫೋನ್ ಹಚ್ಚಿ ಕೇಳಿ, ಹೊಳೆ ತುಂಬಿದರೆ ರಸ್ತೆ ಮೇಲೇ ನೀರು ಬಂದಿರುತ್ತದೆ.