ಜಪಾನಿನಲ್ಲಿ ಮೈಬಣ್ಣ, ಕಾಗದಪತ್ರ ಮತ್ತು ನಮ್ಮ ಜಾಗ

ಜಪಾನಿಗೆ ಹೊರಟವರಿಗೆ ಊರಿನಲ್ಲಿ ಎಲ್ಲರೂ ಹೇಳುವ ಮಾತು ಒಂದೇ: ಅಲ್ಲಿ ಕಳ್ಳತನವಿಲ್ಲ, ಗಲಾಟೆಯಿಲ್ಲ, ಯಾರೂ ಜೋರಾಗಿ ಮಾತನಾಡುವುದೂ ಇಲ್ಲ. ಬಹುಮಟ್ಟಿಗೆ ಅದು ನಿಜ. ಆದರೆ ಇಲ್ಲಿ ಭೇದಭಾವವೂ ಸದ್ದಿಲ್ಲದೆ ಬರುತ್ತದೆ. ಬೆಳಗಿನ ಹೊತ್ತು ಟೋಕಿಯೊದ ತೋಜಾಯ್ ಮೆಟ್ರೊ ಮಾರ್ಗದ ರೈಲಿನಲ್ಲಿ ಜನ ನಿಂತಿರುತ್ತಾರೆ, ನಿಮ್ಮ ಪಕ್ಕದ ಸೀಟು ಮಾತ್ರ ಖಾಲಿ ಉಳಿದಿರುತ್ತದೆ. ಮನೆ ತೋರಿಸುವ ಏಜೆಂಟ್ ಸೊಂಟ ಬಗ್ಗಿಸಿ ಕ್ಷಮೆ ಕೇಳಿ, "ಮಾಲೀಕರಿಗೆ ವಿದೇಶಿಯರು ಬೇಡವಂತೆ" ಎನ್ನುತ್ತಾನೆ. ಅಷ್ಟು ವಿನಯದ ಮುಂದೆ ಸಿಟ್ಟು ಮಾಡಿಕೊಳ್ಳುವುದು ಹೇಗೆಂದೇ ತಿಳಿಯುವುದಿಲ್ಲ. ಇಲ್ಲಿರುವ ಭಾರತೀಯರ ಸಂಖ್ಯೆ ಐವತ್ತು ಸಾವಿರ ದಾಟಿರುವ ಈ ಹೊತ್ತಿನಲ್ಲಿ ಕಾನೂನು ನಮ್ಮನ್ನು ಎಲ್ಲಿ ಕಾಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಜನಾಂಗದ ಆಧಾರದ ಮೇಲೆ ಖಾಸಗಿಯವರು ಮಾಡುವ ಭೇದವನ್ನು ಒಟ್ಟಾಗಿ ನಿಷೇಧಿಸುವ ಕಾನೂನು ಜಪಾನಿನಲ್ಲಿ ಇಲ್ಲ. ಜನಾಂಗೀಯ ತಾರತಮ್ಯದ ವಿರುದ್ಧದ ವಿಶ್ವಸಂಸ್ಥೆಯ ಒಪ್ಪಂದಕ್ಕೆ ದೇಶ ಸೇರಿದ್ದು 1995ರಲ್ಲಿ. 2016ರಲ್ಲಿ ದ್ವೇಷಭಾಷಣದ ವಿರುದ್ಧ ಕಾನೂನು ಬಂದರೂ ಅದರಲ್ಲಿ ಶಿಕ್ಷೆಯೇ ಇಲ್ಲ. ದಂಡ ವಿಧಿಸುವ ಧೈರ್ಯವನ್ನು ಮೊದಲು ತೋರಿದ್ದು ಕಾವಾಸಾಕಿ ನಗರ. ಅಲ್ಲಿನ ನಿಯಮದಂತೆ 2020ರಿಂದ ಐದು ಲಕ್ಷ ಯೆನ್‌ವರೆಗೆ ದಂಡ ಹಾಕಬಹುದು. ಉಳಿದೆಡೆ ಅನ್ಯಾಯವಾದರೆ ಸಿವಿಲ್ ಮೊಕದ್ದಮೆಯೇ ದಾರಿ. ಆ ದಾರಿಯಲ್ಲಿ ಹೋಗಿ ಗೆದ್ದವರಿದ್ದಾರೆ. ಹಮಾಮಾತ್ಸುವಿನ ಆಭರಣದಂಗಡಿಯಿಂದ ಹೊರಹಾಕಿಸಿಕೊಂಡ ಬ್ರೆಜಿಲ್‌ನ ಪತ್ರಕರ್ತೆಗೆ 1999ರಲ್ಲಿ ಪರಿಹಾರ ಸಿಕ್ಕಿತು. ಹೊಕ್ಕಾಯ್ದೊದ ಒತಾರು ನಗರದ ಸ್ನಾನಗೃಹವೊಂದು ವಿದೇಶಿಯರನ್ನು ಒಳಗೆ ಬಿಡುತ್ತಿರಲಿಲ್ಲ. ಜಪಾನಿನ ಪೌರತ್ವ ಪಡೆದ ಅಮೆರಿಕ ಮೂಲದ ವ್ಯಕ್ತಿಯನ್ನೂ ಮುಖ ನೋಡಿಯೇ ವಾಪಸು ಕಳಿಸಿತು. 2002ರಲ್ಲಿ ಸಪ್ಪೊರೊ ನ್ಯಾಯಾಲಯ ಮೂವರು ದೂರುದಾರರಿಗೆ ತಲಾ ಹತ್ತು ಲಕ್ಷ ಯೆನ್ ಕೊಡಿಸಿತು. ಆದರೆ ಸುಮ್ಮನಿದ್ದ ನಗರಾಡಳಿತವನ್ನು ಹೊಣೆ ಮಾಡಲಿಲ್ಲ. ನನ್ನ ಮಟ್ಟಿಗೆ ಈ ಎರಡನೆಯ ಭಾಗವೇ ಹೆಚ್ಚು ನೋವಿನದು.

ಮನೆಯ ವಿಷಯಕ್ಕೆ ಬರೋಣ. ನ್ಯಾಯ ಸಚಿವಾಲಯ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮನೆ ಹುಡುಕಿದ್ದ ವಿದೇಶಿಯರಲ್ಲಿ ಸುಮಾರು ನೂರಕ್ಕೆ ನಲವತ್ತು ಮಂದಿ ವಿದೇಶಿಯರೆಂಬ ಕಾರಣಕ್ಕೇ ಮನೆ ಸಿಗಲಿಲ್ಲವೆಂದು ಹೇಳಿದ್ದರು. ಹಾಗಾಗಿ ಖಾಸಗಿ ಮಾಲೀಕರ ಬಾಗಿಲು ಬಡಿಯುವ ಮೊದಲು ಸರ್ಕಾರದ ಅಧೀನದಲ್ಲಿರುವ ಯುಆರ್ ಸಂಸ್ಥೆಯ ಬಾಡಿಗೆ ವಸತಿಗಳನ್ನು ನೋಡಿ. ಆದಾಯದ ಷರತ್ತು ಪೂರೈಸಿದರೆ ಸಾಕು. ಜಾಮೀನುದಾರರು ಬೇಡ, ಮಾಲೀಕರಿಗೆ ಕೊಟ್ಟು ಮರಳಿ ಬಾರದ ರೇಕಿನ್ ಹಣವೂ ಇಲ್ಲ, ದಲ್ಲಾಳಿ ಕಮಿಷನ್ನೂ ಇಲ್ಲ. ಟೋಕಿಯೊದ ಎದೊಗಾವಾ ವಾರ್ಡಿನ ನಿಶಿ ಕಸಾಯ್‌ನಲ್ಲಿ ಇಷ್ಟೊಂದು ಭಾರತೀಯ ಕುಟುಂಬಗಳು ನೆಲೆಸಿರುವುದಕ್ಕೆ ಇಂಥ ವಸತಿಗಳೂ ಒಂದು ಕಾರಣ. 2019ರಲ್ಲಿ ಇದೇ ವಾರ್ಡು, ಪುಣೆ ಕಡೆಯಿಂದ ಬಂದು ಜಪಾನಿನ ಪೌರರಾದ ಯೋಗೇಂದ್ರ ಪುರಾಣಿಕ್ ಅವರನ್ನು ತನ್ನ ಸಭೆಗೆ ಆರಿಸಿತು.

ಪೊಲೀಸರ ತಡೆ ಕಂದುಬಣ್ಣದ ಗಂಡಸರಿಗೆ ಹೊಸದಲ್ಲ. ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಬರುವಾಗ ಇಬ್ಬರು ಪೊಲೀಸರು ಕೈ ತೋರಿಸಿ ನಿಲ್ಲಿಸುತ್ತಾರೆ. ಮೊದಲು ರೆಸಿಡೆನ್ಸ್ ಕಾರ್ಡ್, ಅಂದರೆ ಇಲ್ಲಿ ನೆಲೆಸಿದ ವಿದೇಶಿಯರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಕೇಳುತ್ತಾರೆ, ಆಮೇಲೆ ಟಾರ್ಚ್ ಹಾಕಿ ಸೈಕಲ್ಲಿನ ಚೌಕಟ್ಟಿಗೆ ಅಂಟಿಸಿರುವ ನೋಂದಣಿ ಚೀಟಿಯ ಸಂಖ್ಯೆ ಓದಿ ವೈರ್‌ಲೆಸ್‌ನಲ್ಲಿ ವಿಚಾರಿಸುತ್ತಾರೆ. ನಮ್ಮವರು ಸಿಕ್ಕಿಬೀಳುವುದು ಇಲ್ಲೇ. ಊರಿಗೆ ಮರಳುವ ಗೆಳೆಯರು ಪ್ರೀತಿಯಿಂದ ಸೈಕಲ್ ಕೊಟ್ಟುಹೋಗುತ್ತಾರೆ, ನೋಂದಣಿ ಅವರ ಹೆಸರಿನಲ್ಲೇ ಉಳಿಯುತ್ತದೆ, ನೀವು ಕಳ್ಳನಲ್ಲವೆಂದು ಬೀದಿಯಲ್ಲಿ ನಿಂತು ವಿವರಿಸಬೇಕಾಗುತ್ತದೆ. ಕೊಡುವವರಿಂದ ಹಸ್ತಾಂತರ ಪತ್ರ ಬರೆಸಿಕೊಂಡು, ಸೈಕಲ್ ಅಂಗಡಿಯಲ್ಲಿ ನಿಮ್ಮ ಹೆಸರಿಗೆ ನೋಂದಣಿ ಮಾಡಿಸಿ. ಅದಕ್ಕೆ ದೊಡ್ಡ ಖರ್ಚಿಲ್ಲ.

ಹದಿನಾರು ತುಂಬಿದ ವಿದೇಶಿಯರು ರೆಸಿಡೆನ್ಸ್ ಕಾರ್ಡನ್ನು ಸದಾ ಜೊತೆಯಲ್ಲಿಡಬೇಕು. ಇಲ್ಲದಿದ್ದರೆ ಎರಡು ಲಕ್ಷ ಯೆನ್‌ವರೆಗೆ ದಂಡ ಬೀಳಬಹುದು, ತೋರಿಸಲು ನಿರಾಕರಿಸಿದರೆ ಜೈಲಿನವರೆಗೂ ಹೋಗಬಹುದು. ಆದ್ದರಿಂದ ಕಾರ್ಡ್ ತೋರಿಸಿ. ಆದರೆ 1948ರ ಪೊಲೀಸ್ ಕರ್ತವ್ಯ ಕಾನೂನಿನ ಪ್ರಕಾರ ದಾರಿಯಲ್ಲಿ ತಡೆದು ಪ್ರಶ್ನಿಸಲು ಅನುಮಾನಕ್ಕೆ ಸಕಾರಣ ಬೇಕು, ಇಷ್ಟವಿಲ್ಲದವರನ್ನು ಠಾಣೆಗೆ ಎಳೆದೊಯ್ಯುವಂತಿಲ್ಲ. ತಡೆದ ಕಾರಣವನ್ನು ಶಾಂತವಾಗಿ ಕೇಳಿ, ಸಮಯ ಮತ್ತು ಜಾಗವನ್ನು ಅಂದೇ ಬರೆದಿಡಿ. ಬಣ್ಣ ನೋಡಿ ತಡೆಯುವ ಈ ಪದ್ಧತಿಯ ವಿರುದ್ಧ ಹೊರದೇಶದಲ್ಲಿ ಹುಟ್ಟಿದ ಮೂವರು 2024ರ ಜನವರಿಯಲ್ಲಿ ಟೋಕಿಯೊ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಅವರಲ್ಲಿ ಒಬ್ಬರು ಜಪಾನಿನ ಪೌರರೇ.

ಹಾಗೆಂದು ಇಲ್ಲಿನ ಭೇದಕ್ಕೆಲ್ಲ ಬಣ್ಣವೇ ಮೂಲವೆಂದು ತಿಳಿಯಬೇಡಿ. ಕೊರಿಯಾ ಜಪಾನಿನ ವಸಾಹತಾಗಿದ್ದ ಕಾಲದಲ್ಲಿ ಬಂದ ಕೊರಿಯನ್ನರ ವಂಶಸ್ಥರು ಮುಖದಲ್ಲಿ, ಮಾತಿನಲ್ಲಿ ಜಪಾನಿಯರಂತೆಯೇ ಇದ್ದಾರೆ. ಆದರೂ 1952ರಲ್ಲಿ ಪೌರತ್ವ ಕಳೆದುಕೊಂಡ ಆ ಸಮುದಾಯದವರು, ಜಪಾನಿನ ಪೌರತ್ವ ಪಡೆಯದಿದ್ದರೆ, ನಾಲ್ಕನೆಯ ತಲೆಮಾರಿನಲ್ಲೂ ಮತ ಹಾಕುವಂತಿಲ್ಲ. ಅವರಲ್ಲಿ ಅನೇಕರು ಜಪಾನಿ ಹೆಸರಿಟ್ಟುಕೊಂಡು ಬದುಕುತ್ತಾರೆ. ಜಪಾನಿಯರೇ ಆದ ಬುರಾಕು ಜನರದು ಇನ್ನೂ ನಮಗೆ ಹತ್ತಿರದ ಕಥೆ: ಚರ್ಮ ಹದ ಮಾಡುವ, ಸತ್ತ ಪ್ರಾಣಿ ಸಾಗಿಸುವ ಕಸುಬಿಗೆ ಅಂಟಿದ ಮೈಲಿಗೆಯನ್ನು 1871ರ ಆಜ್ಞೆ ಕಾಗದದಲ್ಲಿ ಅಳಿಸಿತು. ಮದುವೆ ಸಂಬಂಧ ನೋಡುವಾಗ ಹುಡುಗಿಯ ಮನೆತನ ಯಾವ ಓಣಿಯದೆಂದು ಗುಟ್ಟಾಗಿ ವಿಚಾರಿಸುವುದನ್ನು ಅದು ನಿಲ್ಲಿಸಲಿಲ್ಲ. ಜಾತಿ ಎಂದರೇನೆಂದು ತಿಳಿದ ನಾವು ಇದನ್ನು ಬೇರೆಯವರ ಸಮಸ್ಯೆಯೆಂದು ನೋಡಬಾರದು. ಕಚೇರಿಯ ಪರಿಚಯಸ್ಥರನ್ನು "ನಿಮ್ಮ ಮೂಲ ಊರು ಯಾವುದು" ಎಂದು ಕೆದಕಿ ಕೇಳುವ ನಮ್ಮ ರೂಢಿಯನ್ನೂ ಇಲ್ಲಿ ಬಿಡಬೇಕು. ಮೂಲ ಊರನ್ನು ಮರೆಮಾಚಿ ಬದುಕಬೇಕಾದವರಿಗೆ ಅದು ಸುಲಭದ ಪ್ರಶ್ನೆಯಲ್ಲ.

ಅನ್ಯಾಯವಾದಾಗ ಹೋಗಬೇಕಾದ ಮೊದಲ ಜಾಗ ನ್ಯಾಯ ಸಚಿವಾಲಯದ ಪ್ರಾದೇಶಿಕ ಕಚೇರಿ, ಅಂದರೆ ಹೋಮುಕ್ಯೊಕು. ಅಲ್ಲಿ ಮಾನವ ಹಕ್ಕುಗಳ ಸಲಹೆ ಉಚಿತ, ಇಂಗ್ಲಿಷಿನಲ್ಲೂ ಸಿಗುತ್ತದೆ. ಅದಕ್ಕೆ ಶಿಕ್ಷೆ ಕೊಡುವ ಅಧಿಕಾರವಿಲ್ಲ, ಆದರೆ ದೂರು ದಾಖಲಾಗುತ್ತದೆ, ಎದುರಿನವರನ್ನು ಕರೆದು ಕೇಳುತ್ತಾರೆ. ವಕೀಲರು ಬೇಕಾದರೆ ಹೋ ತೆರಾಸು ಕಾನೂನು ನೆರವು ಕೇಂದ್ರವಿದೆ.

ಮಕ್ಕಳ ವಿಷಯದಲ್ಲಿ ಮಾತ್ರ ಕಾಯುತ್ತಾ ಕೂರಬೇಡಿ. ವಿದೇಶಿ ಮಕ್ಕಳಿಗೆ ಇಲ್ಲಿ ಕಡ್ಡಾಯ ಶಿಕ್ಷಣ ಅನ್ವಯಿಸುವುದಿಲ್ಲ, ಹಾಗಾಗಿ ವಾರ್ಡ್ ಕಚೇರಿಯಲ್ಲಿ ನೀವೇ ಅರ್ಜಿ ಕೊಡಬೇಕು. ಸೇರಿಸಿಕೊಂಡ ಮೇಲೆ ಸರ್ಕಾರಿ ಶಾಲೆಯಲ್ಲಿ ಬೋಧನಾ ಶುಲ್ಕವೂ ಪಠ್ಯಪುಸ್ತಕವೂ ಉಚಿತ. ಕೂದಲಿನ ನಿಯಮಗಳು ಬಿಗಿ. ಹುಟ್ಟಿನಿಂದಲೇ ಕಂದುಗೂದಲಿದ್ದ ಒಸಾಕಾದ ವಿದ್ಯಾರ್ಥಿನಿಗೆ ಕಪ್ಪು ಬಣ್ಣ ಹಚ್ಚಲು ಒತ್ತಾಯಿಸಿದ ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. ಟೋಕಿಯೊದ ಸರ್ಕಾರಿ ಪ್ರೌಢಶಾಲೆಗಳು 2022ರ ಏಪ್ರಿಲ್‌ನಿಂದ ಕಪ್ಪುಗೂದಲಿನ ಕಡ್ಡಾಯವನ್ನು ಕೈಬಿಟ್ಟವು. ನಮ್ಮ ಹೆಣ್ಣುಮಕ್ಕಳಿಗೆ ತೊಡಕಾಗುವುದು ಗುಂಗುರು ಕೂದಲು ಮತ್ತು ಚುಚ್ಚಿದ ಕಿವಿ. ಓಲೆಯನ್ನು ಅನೇಕ ಶಾಲೆಗಳು ಒಪ್ಪುವುದಿಲ್ಲ. ಕಿವಿ ಚುಚ್ಚಿಸುವುದು ಕೂಸಾಗಿದ್ದಾಗಲೇ ನಡೆಯುವ ಶಾಸ್ತ್ರ, ಕೂದಲು ಹುಟ್ಟಿನಿಂದಲೇ ಹೀಗಿದೆ ಎಂದು ಜಪಾನಿ ಭಾಷೆಯಲ್ಲಿ ಒಂದು ಪತ್ರ ಬರೆಸಿ, ಮಗುವಿನ ಎಳೆಯ ವಯಸ್ಸಿನ ಫೋಟೊ ಲಗತ್ತಿಸಿ, ಮೊದಲ ವಾರದಲ್ಲೇ ತರಗತಿಯ ಶಿಕ್ಷಕರ ಕೈಗೆ ಕೊಡಿ. ಓಲೆ ತೆಗೆದಾಗ ತೂತು ಮುಚ್ಚಿಕೊಳ್ಳದಂತೆ ಪಾರದರ್ಶಕ ಕಡ್ಡಿ ಹಾಕಬಹುದೇ ಎಂದು ಅದೇ ಪತ್ರದಲ್ಲಿ ಕೇಳಿ.