ಶಿರಸಿಯ ಬ್ಯಾಣದಲ್ಲಿ ಕೂತು ಬೇರೆ ಸೂರ್ಯನ ಗ್ರಹ ಹಿಡಿಯುವುದು ಹೇಗೆ

ದೂರದ ಗ್ರಹಗಳ ಗಾಳಿಯಲ್ಲಿ ನೀರಾವಿ ಸಿಕ್ಕಿತು ಅಂತ ಓದಿದಾಗ ನಾವೂ ನೋಡಬಹುದಾ ಅನಿಸುತ್ತದೆ ಅಲ್ವಾ? ಎಂಟು ಇಂಚಿನ ಟೆಲಿಸ್ಕೋಪಿಗೆ ಆ ಗಾಳಿ ಸಿಗುವುದಿಲ್ಲ. ಆದರೆ ಗ್ರಹ ಸಿಗುತ್ತದೆ. ಅದು ಯಾವ ನಿಮಿಷಕ್ಕೆ ನಕ್ಷತ್ರದ ಮುಂದೆ ಬಂತು ಅನ್ನುವ ನಿಮ್ಮ ಲೆಕ್ಕ ಗಾಳಿ ಹುಡುಕುವವರಿಗೆ ನಿಜಕ್ಕೂ ಬೇಕು.

ಮೊದಲಿಗೆ ವಾಸ್ಪ್-43ಬಿ ಅನ್ನುವ ಗ್ರಹ ಆರಿಸಿಕೊಳ್ಳಿ. ಅದರ ನಕ್ಷತ್ರ ಮಖಾ ನಕ್ಷತ್ರದಿಂದ ಸುಮಾರು 22 ಡಿಗ್ರಿ ದಕ್ಷಿಣಕ್ಕಿದೆ, ಮ್ಯಾಗ್ನಿಟ್ಯೂಡ್ (ಹೊಳಪಿನ ಅಳತೆ) 12.4. ಗ್ರಹ 19.5 ಗಂಟೆಗೊಮ್ಮೆ ಸುತ್ತುತ್ತದೆ. ಅಡ್ಡ ಹಾಯುವಾಗ ನಕ್ಷತ್ರದ ಬೆಳಕು ಸುಮಾರು 2.5% ಕುಗ್ಗುತ್ತದೆ, ಒಂದೂಕಾಲು ಗಂಟೆಯೊಳಗೆ ಎಲ್ಲ ಮುಗಿಯುತ್ತದೆ. ಫೆಬ್ರವರಿ, ಮಾರ್ಚ್ ಒಳ್ಳೆಯ ಕಾಲ.

ಕಾರವಾರದ ಕಡಲ ದಂಡೆಯಲ್ಲಿ ತೇವ ಜಾಸ್ತಿ, ಬಂದರಿನ ದೀಪಗಳೂ ಇವೆ. ಘಟ್ಟದ ಮೇಲೆ ವಾಸಿ. ಅಲ್ಲೂ ತೋಟದ ಪಕ್ಕ ಬೇಡ, ತಗ್ಗಿನಲ್ಲಿ ಮಂಜು ಕೂರುತ್ತದೆ. ಎತ್ತರದ ಬ್ಯಾಣಕ್ಕೆ, ಅಂದರೆ ಬಯಲು ಹುಲ್ಲುಗಾವಲಿಗೆ ಹೋಗಿ, ಟೆಲಿಸ್ಕೋಪಿಗೆ ಇಬ್ಬನಿ ಕೂರದಂತೆ ಬಿಸಿ ಮಾಡುವ ಡ್ಯೂ ಹೀಟರ್ ಕಟ್ಟಿ.

ನಿಜವಾದ ಕಷ್ಟ ನಮ್ಮ ತಲೆಯ ಮೇಲಿನ ಗಾಳಿಯದು. ತೆಳು ಮೋಡ ಹಾದರೂ ಬೆಳಕು ಕುಗ್ಗುತ್ತದೆ, ಹಾಗಾಗಿ ಅದೇ ಚಿತ್ರದಲ್ಲಿ ಹೆಚ್ಚುಕಡಿಮೆ ಅಷ್ಟೇ ಹೊಳಪಿನ ಎರಡು ಮೂರು ನಕ್ಷತ್ರಗಳನ್ನೂ ಅಳೆದು, ನಿಮ್ಮ ನಕ್ಷತ್ರದ ಬೆಳಕನ್ನು ಅವುಗಳ ಬೆಳಕಿನಿಂದ ಭಾಗಿಸಬೇಕು. ಮೋಡ ಎಲ್ಲವನ್ನೂ ಮಂಕು ಮಾಡುತ್ತದೆ, ಗ್ರಹ ಒಂದನ್ನು ಮಾತ್ರ.

ದೊಡ್ಡ ಟೆಲಿಸ್ಕೋಪುಗಳಿಗೂ ಇದೇ ತಲೆನೋವು, ದಾರಿ ಬೇರೆ. 2010ರಲ್ಲಿ ಚಿಲಿಯ ದೊಡ್ಡ ಟೆಲಿಸ್ಕೋಪು ವಿಎಲ್‌ಟಿಯಿಂದ ಎಚ್‌ಡಿ 209458ಬಿ ಗ್ರಹದ ಗಾಳಿಯಲ್ಲಿ ಕಾರ್ಬನ್ ಮೊನಾಕ್ಸೈಡ್ ಹಿಡಿದರು. ಆ ಗ್ರಹ ಸೆಕೆಂಡಿಗೆ ಸುಮಾರು 140 ಕಿ.ಮೀ. ವೇಗದಲ್ಲಿ ಸುತ್ತುವುದರಿಂದ ಅದರ ಗಾಳಿಯ ಗೆರೆಗಳು ರೋಹಿತದಲ್ಲಿ (ಬೆಳಕನ್ನು ಬಿಡಿಸಿದಾಗ ಸಿಗುವ ಬಣ್ಣಗಳ ಪಟ್ಟಿಯಲ್ಲಿ) ಜರುಗುತ್ತಾ ಹೋಗುತ್ತವೆ, ಭೂಮಿಯ ಗಾಳಿಯ ಗೆರೆಗಳು ಇದ್ದಲ್ಲೇ ಇರುತ್ತವೆ. ಕದಲದ ಗೆರೆಗಳನ್ನು ತೆಗೆದರೆ ಉಳಿದದ್ದು ಗ್ರಹದ್ದು. ನನಗಂತೂ ಇದಕ್ಕಿಂತ ಚಂದದ ಉಪಾಯ ಗೊತ್ತಿಲ್ಲ.

ಈಗ ಕೆಲಸ. ನಕ್ಷತ್ರದ ಜೊತೆ ತಿರುಗುವ ಮೋಟಾರ್ ಸ್ಟ್ಯಾಂಡ್, ಕಪ್ಪು-ಬಿಳುಪು ಕ್ಯಾಮೆರಾ ಬೇಕು. ಗ್ರಹ ಅಡ್ಡ ಬರುವ ಒಂದು ಗಂಟೆ ಮೊದಲೇ ಶುರು ಮಾಡಿ, ಮುಗಿದ ಮೇಲೂ ಒಂದು ಗಂಟೆ ಬಿಡಬೇಡಿ. ಒಂದೊಂದು ನಿಮಿಷದ ಚಿತ್ರ ಸಾಕು. ಫೋಕಸ್ ಒಂಚೂರು ಸಡಿಲ ಇರಲಿ, ಆಗ ಬೆಳಕು ಜಾಸ್ತಿ ಪಿಕ್ಸೆಲ್‌ಗಳಿಗೆ ಹಂಚಿಹೋಗುತ್ತದೆ. ನಕ್ಷತ್ರ ಚಿತ್ರದೊಳಗೆ ಜಾರಬಾರದು. ಮುಚ್ಚಳ ಹಾಕಿ ತೆಗೆಯುವ ಡಾರ್ಕ್, ಸಮನಾದ ಬೆಳಕಿಗೆ ಹಿಡಿದು ತೆಗೆಯುವ ಫ್ಲಾಟ್ ಚಿತ್ರ ಮರೆಯಬೇಡಿ. ಅಳೆಯಲು ಆಸ್ಟ್ರೋಇಮೇಜ್‌ಜೆ ಅನ್ನುವ ಸಾಫ್ಟ್‌ವೇರ್ ಇದೆ, ಉಚಿತ.

ಕಂಪ್ಯೂಟರಿನ ಗಡಿಯಾರವನ್ನು ಅದೇ ಸಂಜೆ ಇಂಟರ್ನೆಟ್ಟಿಗೆ ಹೊಂದಿಸಿ. ಸುತ್ತುವ ಅವಧಿಯಲ್ಲಿ ಒಂದು ಸೆಕೆಂಡಿನ ಸಣ್ಣ ಪಾಲು ತಪ್ಪಿದರೂ ವರ್ಷಗಟ್ಟಲೆ ಸೇರಿ ನಿಮಿಷಗಳಾಗುತ್ತದೆ, ದೊಡ್ಡ ಟೆಲಿಸ್ಕೋಪಿನ ಸಮಯ ಹಾಳಾಗುತ್ತದೆ. ಬೆಳಕು ಕುಗ್ಗಿ ಏರಿದ ನಿಮ್ಮ ಗ್ರಾಫನ್ನು ಎಕ್ಸೋಕ್ಲಾಕ್ ಅನ್ನುವ ಯೋಜನೆಯವರಿಗೆ ಕಳಿಸಿ. ಯುರೋಪಿನ ಏರಿಯಲ್ ಬಾಹ್ಯಾಕಾಶ ದೂರದರ್ಶಕ ಗ್ರಹಗಳ ಗಾಳಿ ನೋಡಲು ಹೊರಡುವ ಮೊದಲು ಅವರು ಇಂಥ ಸಮಯಗಳನ್ನೇ ಕೂಡಿಡುತ್ತಿದ್ದಾರೆ.