ಮೈ ತುಂಬಿಕೊಂಡಿರುವಾಗಲೇ ಕುದುರೆಗೆ ಬೇರೆ ಮನೆ ಹುಡುಕಿ

"ಅಣ್ಣಾ, ಒಂದು ಕುದುರಿ ಐತಿ. ದುಡ್ಡು ಬ್ಯಾಡ, ಹಂಗ ತಗೊಂಡು ಹೋಗ್ರಿ." ಇಂಥ ಫೋನ್ ನನಗೆ ವರ್ಷವಿಡೀ ಬರುತ್ತದೆ. ಆಷಾಢದಲ್ಲಿ ಜಾಸ್ತಿ. ನಾನು ಮೊದಲು ಕೇಳುವುದು ವಯಸ್ಸಲ್ಲ, ಬಣ್ಣವೂ ಅಲ್ಲ. ಪಕ್ಕೆಲುಬು ಕಾಣುತ್ತಾ ಅಂತ ಕೇಳುತ್ತೇನೆ. "ಸ್ವಲ್ಪ ಕಾಣ್ತಾವ್ರೀ" ಅಂದರೆ ಕೆಲಸ ಕಷ್ಟ. ಬಡಕಲು ಕುದುರೆಯನ್ನು ಯಾರೂ ಬಿಟ್ಟಿ ಕೊಟ್ಟರೂ ಒಯ್ಯುವುದಿಲ್ಲ. ಒಯ್ಯುವ ದಲ್ಲಾಳಿಗಳು ಒಂದಿಬ್ಬರು ಇದ್ದಾರೆ, ಅವರು ಎಲ್ಲಿಗೆ ಒಯ್ಯುತ್ತಾರೆ ಅಂತ ಕೇಳಿದರೆ ನೆಟ್ಟಗೆ ಉತ್ತರ ಕೊಡುವುದಿಲ್ಲ.

ನಮ್ಮದು ಬಳ್ಳಾರಿಯಲ್ಲಿ ಕುದುರೆ ಕಟ್ಟಿಕೊಂಡೇ ಬದುಕಿದ ಮನೆ. ಅಜ್ಜ ರೈಲ್ವೆ ಸ್ಟೇಷನ್‌ನಿಂದ ಕೌಲ್ ಬಜಾರ್‌ಗೆ ಟಾಂಗಾ ಹೊಡೆಯುತ್ತಿದ್ದರು. ಆಟೋ ಬಂತು, ಟಾಂಗಾ ಹೋಯ್ತು. ಅಪ್ಪ ಮದುವೆ ಮೆರವಣಿಗೆಗೆ ಕುದುರೆ, ಸಾರೋಟು ಇಟ್ಟರು, ನಾನು ಅದನ್ನೇ ಮುಂದುವರಿಸಿದೆ. ಈ ದಂಧೆಯಲ್ಲಿ ಆಷಾಢಕ್ಕೊಮ್ಮೆ, ಧನುರ್ಮಾಸಕ್ಕೊಮ್ಮೆ ಗಲ್ಲಾಪೆಟ್ಟಿಗೆ ಖಾಲಿ. ಅದು ಗೊತ್ತಿರುವ ವಿಷಯ, ಅದಕ್ಕೆ ಮೊದಲೇ ಸೊಪ್ಪೆ, ಅಂದರೆ ಜೋಳದ ದಂಟಿನ ಮೇವು, ಕೂಡಿಡುತ್ತೇವೆ. ಆದರೆ 2020ರಲ್ಲಿ ಯುಗಾದಿ ದಿನವೇ, ಮಾರ್ಚ್ 25ಕ್ಕೆ ಲಾಕ್‌ಡೌನ್ ಬಿತ್ತಲ್ಲ, ಆಗ ಹೋಗಿದ್ದು ಮದುವೆ ಸೀಸನ್ನೇ. ಬಸವ ಜಯಂತಿ ಮೆರವಣಿಗೆಯೂ ಇಲ್ಲ. ಮರುವರ್ಷ ಏಪ್ರಿಲ್ ಕೊನೆಗೆ ಮತ್ತೆ ಅದೇ. ಆಮೇಲೆ 2023ರ ಬರ. ಮೇವಿಗಾಗಿ ಕೇಳಲು ಹೋದರೆ ಗೋಶಾಲೆಯಲ್ಲಿ ದನಕ್ಕೆ ಮಾತ್ರ ಅಂದರು. ತಪ್ಪಲ್ಲ, ಅವರಿಗೆ ದನಕ್ಕೇ ಸಾಲುತ್ತಿರಲಿಲ್ಲ. ಕುದುರೆಗೆ ಮಾತ್ರ ಹೋಗಲು ಎಲ್ಲೂ ಜಾಗವಿಲ್ಲ. ಎತ್ತು ಮುದಿಯಾದರೆ ಸಂತೆ ಇದೆ, ಕೆಲಸವಿಲ್ಲದ ಕುದುರೆಗೆ ಯಾವ ಸಂತೆ ಇದೆ ಹೇಳಿ?

ಇದೇ ನಮ್ಮ ನೆಲದಲ್ಲಿ ಒಂದು ಕಾಲಕ್ಕೆ ಸತ್ತ ಕುದುರೆಗೂ ಬೆಲೆ ಇತ್ತು ಅನ್ನುವುದು ನೆನಪಾದರೆ ನಗು ಬರುತ್ತದೆ. ವಿಜಯನಗರದಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿ ನುನಿಜ್ ಬರೆದಿದ್ದಾನೆ: ಸಮುದ್ರದಲ್ಲಿ ಬರುವಾಗ ಕುದುರೆ ಸತ್ತರೆ ಅದರ ಬಾಲ ತಂದು ತೋರಿಸಿದರೆ ಸಾಕು, ಸಾಳುವ ನರಸಿಂಹ ಪೂರ್ತಿ ದುಡ್ಡು ಕೊಡುತ್ತಿದ್ದನಂತೆ. ಈಗ ಜೀವಂತ ಕುದುರೆಯನ್ನು ಬೈಪಾಸ್ ಪಕ್ಕ ಬಿಟ್ಟು ಬರುತ್ತಾರೆ.

ಬಿಡುವವರನ್ನು ಬೈದು ಬರೆಯುವವರು ಬಹಳ ಜನ ಇದ್ದಾರೆ. ಹಾಗೆ ಬಿಟ್ಟವರಲ್ಲಿ ಅರ್ಧ ಜನ ನನಗೆ ಗೊತ್ತು, ಕೆಟ್ಟವರಲ್ಲ. ಹಗ್ಗ ಬಿಚ್ಚುವ ದಿನದ ತನಕ ಏನಾದರೂ ಆಗುತ್ತೆ, ಒಂದು ಆರ್ಡರ್ ಬರುತ್ತೆ ಅಂತ ಕಾಯ್ದವರು. ಅಲ್ಲಿಗೆ ಕುದುರೆ ಒಣಗಿರುತ್ತದೆ, ಕೈಯಲ್ಲಿ ದುಡ್ಡೂ ಮುಗಿದಿರುತ್ತದೆ. ಆಗ ಕೊಡಲು ಯಾರೂ ಸಿಗುವುದಿಲ್ಲ. ಹಾಗಾಗಿ ನಮ್ಮ ಲಾಯದಲ್ಲಿ ನಾನು ಮಾಡಿಕೊಂಡ ನಿಯಮ ಒಂದೇ: ಯಾವ ಕುದುರೆ ಇರಬೇಕು, ಯಾವುದು ಹೋಗಬೇಕು ಅನ್ನುವ ತೀರ್ಮಾನ ಅಟ್ಟದ ಮೇಲೆ ಮೇವು ಇರುವಾಗಲೇ ಆಗಬೇಕು.

ಲೆಕ್ಕ ಹೀಗೆ. 300 ಕೆಜಿ ತೂಗುವ ಕುದುರೆಗೆ ದಿನಕ್ಕೆ ಸುಮಾರು 6 ಕೆಜಿ ಒಣ ಮೇವು ಬೇಕು. ನಮ್ಮ ಬೇಸಿಗೆಯಲ್ಲಿ ನೀರು 30ರಿಂದ 40 ಲೀಟರ್, ಜೊತೆಗೆ ನೆಕ್ಕಲು ಒಂದು ಉಪ್ಪಿನ ಗಡ್ಡೆ. ಇರುವ ಮೇವನ್ನು ಎಲ್ಲ ಕುದುರೆಗೂ ಸೇರಿ ಒಂದು ದಿನಕ್ಕೆ ಬೇಕಾಗುವ ಮೇವಿನಿಂದ ಭಾಗಿಸಿ, ಎಷ್ಟು ದಿನಕ್ಕೆ ಬರುತ್ತೆ ಅಂತ ಗೊತ್ತಾಗುತ್ತದೆ. ಮುಂದಿನ ಬೆಳೆಯ ಸೊಪ್ಪೆ ಬರುವ ತನಕ ಸಾಲುವುದಿಲ್ಲ ಅಂತ ಕಂಡರೆ ಅವತ್ತೇ ಫೋನ್ ಹಚ್ಚಲು ಶುರು ಮಾಡಿ.

ಕೆಲಸ ನಿಂತಾಗ ಬಹಳ ಜನ ಮೊದಲು ಹುಲ್ಲು ಕಡಿಮೆ ಮಾಡಿ, ಕಡಲೆ, ಹುರುಳಿ ಹಾಗೇ ಇಡುತ್ತಾರೆ, ಕಾಳು ತಿಂದರೆ ಶಕ್ತಿ ಅಂತ. ಉಲ್ಟಾ ಮಾಡಬೇಕು. ಓಡಾಟವಿಲ್ಲದ ಕುದುರೆಗೆ ಕಾಳು ಹಾಕುತ್ತಾ ಹೋದರೆ, ಎಬ್ಬಿಸಿ ನಡೆಸಿದ ದಿನ ತೊಡೆ, ಸೊಂಟದ ಮಾಂಸ ಕಲ್ಲಿನಂತೆ ಬಿಗಿದು, ಉಚ್ಚೆ ಕಾಫಿ ಬಣ್ಣಕ್ಕೆ ಬರುತ್ತದೆ. ಗೊರಸಿನೊಳಗೆ ಊತ ಬಂದು ಹೆಜ್ಜೆ ಎತ್ತಲಾಗದೆ ನಿಲ್ಲುವುದೂ ಇದೆ. ಕುದುರೆ ಹೊಟ್ಟೆ ಚಿಕ್ಕದು, ಇಡೀ ದಿನ ಸ್ವಲ್ಪ ಸ್ವಲ್ಪ ಮೇಯುತ್ತಿರಬೇಕು. ನಾರಿರುವ ಮೇವು ತಪ್ಪಿಸಬಾರದು. ನಾನು ಕಾಳನ್ನು ಮೆಲ್ಲಗೆ ಇಳಿಸಿ ಪೂರ್ತಿ ನಿಲ್ಲಿಸಿದೆ, ಆ ದುಡ್ಡಿಗೆ ಸೊಪ್ಪೆ ತಂದೆ.

ಮೇವಿನಲ್ಲಿ ನಮ್ಮ ಕಡೆ ಒಳ್ಳೆಯದು ಜೋಳದ ಒಣ ಸೊಪ್ಪೆ, ಕತ್ತರಿಸಿ ಹಾಕಿದರೆ ಹಾಳಾಗುವುದಿಲ್ಲ. ಶೇಂಗಾ ಬಳ್ಳಿ ಸಿಕ್ಕರೆ ಇನ್ನೂ ಒಳ್ಳೆಯದು, ಆದರೆ ಮಣ್ಣು ಝಾಡಿಸಬೇಕು. ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ಭತ್ತ ಕೊಯ್ದ ಮೇಲೆ ಹುಲ್ಲನ್ನು ಗದ್ದೆಯಲ್ಲೇ ಸುಡುತ್ತಾರೆ. ಕೇಳಿದರೆ ಕಟ್ಟಿಸಿಕೊಂಡು ಹೋಗಿ ಅನ್ನುತ್ತಾರೆ, ಗಾಡಿ ಬಾಡಿಗೆ ಅಷ್ಟೇ. ನಾಲ್ಕು ಮನೆಯವರು ಸೇರಿ ಒಂದು ಟ್ರ್ಯಾಕ್ಟರ್ ತರಿಸಿದರೆ ಬಾಡಿಗೆಯೂ ಹಗುರ. ಆದರೆ ಭತ್ತದ ಹುಲ್ಲಿನಲ್ಲಿ ಸತ್ವ ಇಲ್ಲ, ಅರ್ಧಕ್ಕಿಂತ ಜಾಸ್ತಿ ಹಾಕಬೇಡಿ. ಬೂಷ್ಟು ಹಿಡಿದ ಕಟ್ಟು ಯಾವುದೇ ಆಗಲಿ, ಎಷ್ಟೇ ಅಗ್ಗವಾಗಿರಲಿ, ಬೇಡ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋಗಿದ್ದು ಹಿಂದಿನಿಂದಲೇ ಬರಬೇಕು. ಹೊಟ್ಟೆ ನೋವಿನಿಂದ ರಾತ್ರಿಯಿಡೀ ಹೊರಳಾಡುವ ಕುದುರೆಯನ್ನು ನೋಡಿದವರಿಗೆ ಇದನ್ನು ಹೇಳಬೇಕಿಲ್ಲ.

ಇನ್ನೊಂದು, ಇದು ಗಟ್ಟಿಯಾಗಿ ಹೇಳಬೇಕಾದ್ದು. ಕೋಳಿ ಫಾರ್ಮ್‌ನಲ್ಲಿ ಉಳಿದ ಫೀಡ್ ಅಗ್ಗಕ್ಕೆ ಸಿಗುತ್ತದೆ ಅಂತ ಕುದುರೆಗೆ ಹಾಕಬೇಡಿ. ಕೋಳಿಗಳ ರೋಗಕ್ಕೆ ಅಂತ ಅದರಲ್ಲಿ ಮೊನೆನ್ಸಿನ್ ತರಹದ ಔಷಧಿ ಬೆರೆಸಿರುತ್ತಾರೆ. ಕೋಳಿಗೆ ಏನೂ ಆಗುವುದಿಲ್ಲ, ಕುದುರೆಯ ಹೃದಯವನ್ನೇ ಹಾಳು ಮಾಡುತ್ತದೆ. ಸ್ವಲ್ಪ ತಿಂದರೂ ಸಾಯಬಹುದು.

ಇನ್ನು ಯಾವ ಕುದುರೆ ಬೇಡವಾಗುತ್ತದೆ ಅನ್ನುವುದು. ಮದುವೆಗೆ ಬಿಳಿಯದೇ ಬೇಕು. ಕೆಂಪು, ಕಪ್ಪು ಕುದುರೆ ಎಷ್ಟೇ ಸಾಧು ಇದ್ದರೂ ಆರ್ಡರ್ ಕಡಿಮೆ. ಬಿಳಿಯದಕ್ಕೂ ವಯಸ್ಸಾದ ಮೇಲೆ ಬಾಲದ ಕೆಳಗೆ ಕಪ್ಪು ಗಂಟು ಏಳುವುದು ಸಾಮಾನ್ಯ, ನೋಡಿದವರು ಏನೋ ಅಂಟುರೋಗ ಅಂದುಕೊಳ್ಳುತ್ತಾರೆ. ಅದು ಅಂಟುವುದಿಲ್ಲ. ಬೀಜದ ಗಂಡು ಕುದುರೆ ಬ್ಯಾಂಡ್ ಸದ್ದಿಗೆ ಎದ್ದು ನಿಂತು ಒಂದು ಸಲ ಯಾರನ್ನಾದರೂ ಕೆಡವಿದರೆ ಮುಗಿಯಿತು. ಇವೆಲ್ಲ ಬಿಡಿ, ಸುಳಿ ಇದೆಯಲ್ಲ! ಒಳ್ಳೆ ಕುದುರೆ, ಕಾಲು ಗಟ್ಟಿ, ಬಾಯಿ ಮೆತ್ತಗೆ, ಎಲ್ಲ ನೋಡಿ ಕೊನೆಗೆ ಯಾರೋ ಒಬ್ಬ ಹಿರಿಯ ಹಣೆ ಮೇಲೆ ಕೈಯಾಡಿಸಿ "ಸುಳಿ ಸರಿ ಇಲ್ಲೋ ತಮ್ಮಾ" ಅಂದುಬಿಟ್ಟರೆ ವ್ಯಾಪಾರ ಮುರಿಯಿತು. ಆ ಕೂದಲಿನ ಸುತ್ತಿಗೂ ಮನೆ ಒಡೆಯನ ಸಾಲಕ್ಕೂ ಏನು ಸಂಬಂಧವೋ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ನಮ್ಮಲ್ಲಿ ಒಂದು ಪಂಚಕಲ್ಯಾಣಿ ಹೆಣ್ಣು ಕುದುರೆ ಇದೆ. ನಾಲ್ಕೂ ಕಾಲು ಬಿಳಿ, ಮುಖದಲ್ಲಿ ಬಿಳಿ ಪಟ್ಟೆ, ಶುಭ ಅಂತ ದುಡ್ಡು ಹೆಚ್ಚು ಕೊಟ್ಟು ಒಯ್ಯುವ ಜಾತಿ. ಆದರೆ ಹಣೆಗೆ ಎರಡು ಸುಳಿ. ಸಿಕ್ಕಿದ್ದು ಊರ ಹೊರಗೆ, ಕಲ್ಯಾಣ ಮಂಟಪದ ಹಿಂದೆ ಚೆಲ್ಲಿದ ಅನ್ನದ ರಾಶಿ ಹತ್ತಿರ. ಕುತ್ತಿಗೆ ಕೂದಲಲ್ಲಿ ಯಾವುದೋ ಮೆರವಣಿಗೆಯ ಜರಿ ದಾರ ಇನ್ನೂ ಸಿಕ್ಕಿಕೊಂಡಿತ್ತು. ಮುಂಗಾಲಿಗೆ ಕಟ್ಟಿದ್ದ ನೈಲಾನ್ ಹಗ್ಗ ಚರ್ಮದೊಳಗೆ ಇಳಿದಿತ್ತು. ಮೊದಲು ಮಾಡಿಸಿದ್ದು ಧನುರ್ವಾಯು ಇಂಜೆಕ್ಷನ್, ಕುದುರೆಗೆ ಆ ರೋಗ ಬೇಗ ಹತ್ತುತ್ತದೆ. 1962ಕ್ಕೆ ಫೋನ್ ಮಾಡಿದರೆ ಪಶು ಇಲಾಖೆಯ ಗಾಡಿ ಬರುತ್ತದೆ, ದನಕ್ಕೆ ಮಾತ್ರ ಅಂದುಕೊಂಡು ಸುಮ್ಮನಿರಬೇಡಿ.

ಹಸಿದ ಕುದುರೆಗೆ ಬಕೆಟ್ ತುಂಬಾ ಕಡಲೆ ನೆನೆಸಿ ಇಡುವುದು ಎಲ್ಲರಿಗೂ ಮೊದಲು ಹೊಳೆಯುವ ಪ್ರೀತಿ. ಅದೇ ಅದನ್ನು ಕೊಲ್ಲುತ್ತದೆ. ವಾರಗಟ್ಟಲೆ ಉಪವಾಸವಿದ್ದ ಮೈಗೆ ಒಮ್ಮೆಲೇ ಕಾಳು ಬಿದ್ದರೆ ರಕ್ತದ ಲವಣಗಳು ಏರುಪೇರಾಗಿ, ಚೆನ್ನಾಗಿ ತಿನ್ನುತ್ತಿದೆ ಅಂತ ನಾವು ಖುಷಿಯಾಗಿರುವಾಗಲೇ ಕೆಲವೇ ದಿನದಲ್ಲಿ ಬಿದ್ದುಹೋಗುತ್ತದೆ. ನಮ್ಮ ಪಂಚಕಲ್ಯಾಣಿಗೆ ನಾವು ಕೊಟ್ಟಿದ್ದು ಒಣಗಿಸಿದ ಕುದುರೆ ಮಸಾಲೆ ಸೊಪ್ಪು, ಅದೇ ಲೂಸರ್ನ್. ಒಂದೊಂದು ಹಿಡಿ, ಹಗಲೂ ರಾತ್ರಿ ಕೆಲವು ಗಂಟೆಗೊಮ್ಮೆ. ಹಿಡಿಯನ್ನು ಮೆಲ್ಲಗೆ ದೊಡ್ಡದು ಮಾಡುತ್ತಾ ಹೋದೆವು. ಕಾಳಿನ ಮಾತು ವಾರಗಳ ನಂತರ. ಇದು ಬಾಯಿಂದ ಅರ್ಧ ಜಗಿದ ಮೇವಿನ ಉಂಡೆ ಉದುರಿಸುತ್ತಿತ್ತು. ಡಾಕ್ಟರ್ ಬಾಯಿ ತೆಗೆಸಿ ನೋಡಿದರೆ ದವಡೆ ಹಲ್ಲಿನ ಅಂಚು ಬ್ಲೇಡಿನ ಹಾಗೆ ಬೆಳೆದು ಕೆನ್ನೆ ಒಳಗೆ ಹುಣ್ಣು ಮಾಡಿತ್ತು. ಅರ ಹಾಕಿ ಉಜ್ಜಿಸಿದ ಮೇಲೆ ಉಂಡೆ ನಿಂತಿತು. ಎಷ್ಟು ಹಾಕಿದರೂ ಮೈ ಹಿಡಿಯಲ್ಲ ಅಂತ ಬಿಟ್ಟುಬಿಟ್ಟ ಕುದುರೆಗಳಲ್ಲಿ ಎಷ್ಟಕ್ಕೆ ಬರೀ ಹಲ್ಲಿನ ತೊಂದರೆ ಇತ್ತೋ.

ಹೊರಗಿನ ಕುದುರೆಯನ್ನು ತಂದ ತಕ್ಷಣ ನಿಮ್ಮ ಕುದುರೆ ಪಕ್ಕ ಕಟ್ಟಬೇಡಿ, ಬಾನಿಯೂ ಬೇರೆ ಇರಲಿ. ಮೂಗಿನಲ್ಲಿ ಅಂಟು ಸಿಂಬಳ, ಕಾಲಿನ ಒಳಮೈಯಲ್ಲಿ ಗಂಟು, ಹುಣ್ಣು ಕಂಡರೆ ಮುಟ್ಟದೆ ಡಾಕ್ಟರ್‌ಗೆ ಹೇಳಿ. ಗ್ಲಾಂಡರ್ಸ್ ಇರಬಹುದು. ಅದು ಮನುಷ್ಯರಿಗೂ ಬರುತ್ತದೆ. ರಕ್ತದ ಮಾದರಿ ಹರಿಯಾಣದ ಹಿಸಾರ್‌ನಲ್ಲಿರುವ ಕುದುರೆಗಳ ರಾಷ್ಟ್ರೀಯ ಸಂಶೋಧನಾ ಕೇಂದ್ರದ ತನಕ ಹೋಗಿ ಪಕ್ಕಾ ಆದರೆ ಕಾನೂನಿನ ಪ್ರಕಾರ ಕುದುರೆಯನ್ನು ಕೊನೆಗಾಣಿಸಲೇಬೇಕು.

ಈಗ ಕೊಡುವುದು ಯಾರಿಗೆ ಅನ್ನುವ ವಿಷಯ. ನನಗೆ ಕೈಹಿಡಿದವರು ಸಂಚಾರಿ ಕುರುಬರು. ಕೊಪ್ಪಳ, ರಾಯಚೂರು ಹೊಲಗಳಲ್ಲಿ ಕುರಿ ಮಂದೆ ಜೊತೆ ಬರುತ್ತಾರಲ್ಲ, ಅವರ ಸಂಸಾರ, ಬಲೆ, ಗುಡಾರ, ನಡೆಯಲಾಗದ ಎಳೆ ಕುರಿಮರಿ, ಎಲ್ಲ ಕುದುರೆ ಬೆನ್ನ ಮೇಲೆ. ಅವರಿಗೆ ಬಣ್ಣ ಬೇಡ, ಎತ್ತರ ಬೇಡ. ಶಾಂತವಾಗಿರಬೇಕು, ಗೊರಸು ಗಟ್ಟಿ ಇರಬೇಕು, ಬಯಲಲ್ಲಿ ಮೇಯಲು ಗೊತ್ತಿರಬೇಕು. ಆದರೆ ಲಾಯದಲ್ಲೇ ಬೆಳೆದ ಎತ್ತರದ ಮಾರವಾಡಿ ಕುದುರೆಯನ್ನು ಕೊಟ್ಟರೆ ಅದು ಆ ಬದುಕಿಗೆ ತಡೆಯುವುದಿಲ್ಲ. ಗಿಡ್ಡ ತಳಿಯವು ಒಗ್ಗುತ್ತವೆ. ನಾನು ಕೊಡುವ ಮುಂಚೆ ಕುದುರೆಯನ್ನು ದಿನಾ ಹೊಲಕ್ಕೆ ಹೊಡೆದು ಬಯಲು ಮೇವು ರೂಢಿ ಮಾಡಿಸಿದೆ, ಬೆನ್ನಿಗೆ ಗೋಣಿ ಹಾಕಿ ನಡೆಸಿದೆ. ಬೀಜದ ಗಂಡಾದರೆ ಬೀಜ ತೆಗೆಸಿಯೇ ಕೊಟ್ಟೆ. ಆ ಖರ್ಚು ನಮ್ಮದೇ. ಹಾಳೆ ಮೇಲೆ ಎರಡು ಸಾಲು ಬರೆದು ಇಬ್ಬರೂ ಸಹಿ ಮಾಡಿದೆವು: ಮಾರುವುದಿಲ್ಲ, ಬೇಡವಾದರೆ ಮೊದಲು ನನಗೆ ಹೇಳಬೇಕು. ಕೋರ್ಟಿನಲ್ಲಿ ಅದು ನಿಲ್ಲುತ್ತೋ ಇಲ್ಲವೋ, ಆದರೆ ಮಂದೆ ನಮ್ಮ ಕಡೆ ಬಂದಾಗ ಅವರೇ ಫೋನ್ ಮಾಡುತ್ತಾರೆ.

ಕಾನೂನಿನ ಹೆದರಿಕೆ ಹಾಕುವವರಿಗೆ ಒಂದು ಮಾತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಸಾಕಿದ ಪ್ರಾಣಿಯನ್ನು ಬಿಟ್ಟುಬರುವುದು ಅಪರಾಧವೇ. ಆದರೆ ಮೊದಲ ಸಲದ ದಂಡ 10ರಿಂದ 50 ರೂಪಾಯಿ! ಒಂದು ಹೊರೆ ಸೊಪ್ಪೆಯೂ ಬರುವುದಿಲ್ಲ. ಅದಕ್ಕೆ ಯಾರು ಹೆದರುತ್ತಾರೆ? 2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ 6 ಲಕ್ಷ ಚಿಲ್ಲರೆ ಇದ್ದ ಕುದುರೆಗಳು 2019ಕ್ಕೆ 3.4 ಲಕ್ಷಕ್ಕೆ ಇಳಿದವು. ಕುದುರೆ ಕಡಿಮೆಯಾದರೆ ತೊಂದರೆಯೂ ಕಡಿಮೆ ಆಗಬೇಕಲ್ವಾ? ಆಗಲಿಲ್ಲ. ಲಾಳ ಹೊಡೆಯುವವರು, ಕುದುರೆ ಹಲ್ಲು ನೋಡಬಲ್ಲ ಡಾಕ್ಟರ್, ಕೊಳ್ಳುವ ಗಿರಾಕಿ, ಎಲ್ಲರೂ ಜೊತೆಗೇ ಕಡಿಮೆಯಾದರು. ಹಾಗಾಗಿ ಕಷ್ಟಕಾಲದಲ್ಲಿ ಮರಿ ಹಾಕಿಸಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಗಬ್ಬ 11 ತಿಂಗಳು, ಆಮೇಲೆ ಮೂರು ನಾಲ್ಕು ವರ್ಷ ಸುಮ್ನೆ ಸಾಕಬೇಕು. ಅಷ್ಟು ದೂರದ ಮದುವೆ ಸೀಸನ್ ಯಾರು ಕಂಡಿದ್ದಾರೆ?

ಕೆಲವು ಕುದುರೆಗಳಿಗೆ ಮನೆ ಸಿಗುವುದಿಲ್ಲ. ಕಾಲು ಮುರಿದದ್ದು, ಎದ್ದು ನಿಲ್ಲಲಾಗದ್ದು. ಅಂಥದ್ದನ್ನು ಗಾಡಿಗೆ ಹಾಕಿ ದೂರ ಬಿಟ್ಟು ಬರುವ ಬದಲು ಡಾಕ್ಟರ್ ಕೈಯಲ್ಲಿ ಇಂಜೆಕ್ಷನ್ ಕೊಡಿಸಿ. ನಾನು ಕೊಡಿಸಿದ್ದೇನೆ, ಮನೆಯಲ್ಲಿ ಬೈಸಿಕೊಂಡೂ ಇದ್ದೇನೆ. ಕೆಲವು ಡಾಕ್ಟರ್‌ಗಳು ಹಿಂದೇಟು ಹಾಕುತ್ತಾರೆ, ಕುದುರೆಯ ಸ್ಥಿತಿ ಬರೆದು ಸಹಿ ಮಾಡಿಕೊಟ್ಟು ಕೇಳಿ. ಆ ಔಷಧಿ ಮೈಯಲ್ಲಿ ಉಳಿಯುತ್ತದೆ, ನಾಯಿ, ಹದ್ದು ತಿಂದರೆ ಅವೂ ಸಾಯುತ್ತವೆ. ಆಳದ ಗುಂಡಿ ಬೇಕೇ ಬೇಕು, ಅಂದರೆ ಜೆಸಿಬಿ ಬೇಕು. ಮಳೆಗಾಲದಲ್ಲಿ ನಮ್ಮ ಎರೆ ಹೊಲಕ್ಕೆ ಜೆಸಿಬಿ ಇಳಿದರೆ ಹೂತುಕೊಳ್ಳುತ್ತದೆ. ಅದಕ್ಕೇ ರಸ್ತೆ ಪಕ್ಕದ, ಬಾವಿ, ಬೋರ್‌ವೆಲ್‌ನಿಂದ ದೂರ ಇರುವ ಗರಸು ಜಾಗವನ್ನು ಒಬ್ಬ ರೈತರ ಹತ್ತಿರ ಮೊದಲೇ ಕೇಳಿ ಇಟ್ಟುಕೊಂಡಿದ್ದೇವೆ. ನಿಮ್ಮ ಲಾಯದಲ್ಲಿ ಮುದಿ ಕುದುರೆ ಇದ್ದರೆ ನೀವೂ ಈ ಬೇಸಿಗೆಯಲ್ಲೇ ಕೇಳಿಡಿ.